ಹದಿನೇಳನೇ ಮುದ್ರೆ

ಕಾದ ತಾಮ್ರದ ಮೇಲೆ ನವಸಾಗರದ ಪುಡಿ ಉದುರಿಸಿದಾಗ ಏಳುವ ಹೊಗೆಗೆ ಒಂದು ವಾಸನೆಯಿದೆ. ಮೂಗಿಗೆ ಚುರ್ ಎನ್ನುತ್ತದೆ, ಗಂಟಲು ಕಹಿಯಾಗುತ್ತದೆ, ಆಮೇಲೆ ಹಣೆಯ ಹಿಂದೆಲ್ಲೋ ತಣ್ಣಗಾಗುತ್ತದೆ. ಅವಳು ಏಳೆಂಟು ವರ್ಷದವಳಿದ್ದಾಗ ಬೀದಿಯ ತಿರುವಿನಲ್ಲಿ ಪಾತ್ರೆ ರಿಪೇರಿಯವನು ತಿದಿ ಹೂಡಿಕೊಂಡು ಕೂತನೆಂದರೆ ಸಾಕು, ಅಮ್ಮ ಸೋರುವ ಪಾತ್ರೆಯನ್ನು ಅವಳ ಕಂಕುಳಿಗೆ ಸಿಕ್ಕಿಸಿ, "ತೂತು ಮುಚ್ಚೋವರೆಗೂ ಅಲ್ಲೇ ಕೂತಿರು, ಕಣ್ಣು ಆ ಕಡೆ ಈ ಕಡೆ ಹೋಗಬಾರದು" ಎಂದು ಕಳಿಸುತ್ತಿದ್ದಳು. ತವರ ಕರಗಿ, ಒಂದು ಗಳಿಗೆ ಕನ್ನಡಿಯಾಗಿ, ಅದರಲ್ಲಿ ಆಕಾಶದ ಒಂದು ಚೂರು ಕಂಡು, ಮರುಗಳಿಗೆಗೆ ಮಂಕಾಗಿ ಗಟ್ಟಿಯಾಗುವುದನ್ನು ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಮನೆಗೆ ಬಂದರೆ ಅಮ್ಮ ಪಾತ್ರೆಗೆ ನೀರು ತುಂಬಿ, ಎತ್ತಿ ಹಿಡಿದು, ತಳವನ್ನು ಬೆರಳಿನಿಂದ ಸವರಿ, ಬೆರಳನ್ನು ಬೆಳಕಿಗೆ ಒಡ್ಡಿ ನೋಡುವಳು. ಬೆರಳು ಒಣಗೇ ಇರುತ್ತಿತ್ತು. "ಇನ್ನು ಇದು ಹೊಸದಕ್ಕಿಂತ ಗಟ್ಟಿ" ಎನ್ನುವಳು. ಆ ಮಾತನ್ನು ಅವಳು ಅದೆಷ್ಟು ನಂಬಿಬಿಟ್ಟಳೆಂದರೆ, ಮುಂದೆ ಬದುಕೆಲ್ಲ ಅದೇ ಕೆಲಸವನ್ನು ಹಿಡಿದು ಕೂತಳು.

ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಆ ವಾಸನೆ ಬಂದದ್ದಕ್ಕೆ ಕಾರಣವೇ ಇರಲಿಲ್ಲ. ಪಕ್ಕದಲ್ಲಿ ಕೂತವಳು ಕಿತ್ತಳೆ ಸುಲಿಯುತ್ತಿದ್ದಳು, ಕಿಟಕಿಯಿಂದ ಡೀಸೆಲ್ಲಿನ ಗಾಳಿ ಬರುತ್ತಿತ್ತು. ಅವೆರಡರ ನಡುವೆ ನವಸಾಗರ ಎಲ್ಲಿಂದ ಬರಬೇಕು? ಆದರೂ ಬಂತು. ಬಂದು, ಕಾರ್ಖಾನೆಯ ನಿಲ್ದಾಣದವರೆಗೂ ಅವಳ ಜೊತೆಗೇ ಕೂತಿತ್ತು. ಇಳಿಯುವಾಗ ಅವಳ ಕೈ ತಾನಾಗಿಯೇ ಕತ್ತಿನ ಸರಪಳಿಗೆ ಹೋಯಿತು. ಅದರ ತುದಿಯಲ್ಲಿ ಮೋಟು ಪೆನ್ಸಿಲ್ಲಿನಷ್ಟು ದಪ್ಪದ ಉಕ್ಕಿನ ಮುದ್ರೆ. ಅದರ ಮೂತಿಯಲ್ಲಿ ಸಾಸಿವೆಕಾಳಿನಷ್ಟು ಸಣ್ಣದಾಗಿ ಹದಿನೇಳು. ಬೆಸುಗೆಯವರಿಗೆಲ್ಲ ಇಲ್ಲಿ ಮುದ್ರೆಯ ನಂಬರೇ ಹೆಸರು. ಮೂವತ್ತು ವರ್ಷದ ಹಿಂದೆ ಇದನ್ನು ಕೊರಳಿಗೆ ಹಾಕಿದ ಮೇಸ್ತ್ರಿ, "ಹಲ್ಲುಜ್ಜೋ ಬ್ರಶ್ಶನ್ನ ಬೇಕಾದ್ರೆ ಪಕ್ಕದವರಿಗೆ ಕೊಡಮ್ಮ, ಇದನ್ನ ಮಾತ್ರ ಕೊಡಬೇಡ. ಈ ನಂಬರು ಬಿತ್ತು ಅಂದ್ರೆ ಅದು ನಿನ್ನ ಕೈ, ನಿನ್ನ ಕಣ್ಣು, ನಿನ್ನ ಮಾತು" ಎಂದಿದ್ದ. ಆಗ ಅವನಿಗೂ ಮೀಸೆ ಕಪ್ಪಗಿತ್ತು. ಈಗ ಇಬ್ಬರಿಗೂ ನಿವೃತ್ತಿಗೆ ಎರಡೆರಡು ವರ್ಷ ಉಳಿದಿದೆ. ಹೊಸದಾಗಿ ಬಂದವರು ಅವಳನ್ನು ಹದಿನೇಳಕ್ಕ ಎನ್ನುತ್ತಾರೆ; ಅವಳಿಗೂ ಈಚೆಗೆ ತನ್ನ ಸ್ವಂತ ಹೆಸರನ್ನು ಯಾರಾದರೂ ಕೂಗಿದರೆ ತಿರುಗಿ ನೋಡಲು ಒಂದು ಗಳಿಗೆ ಬೇಕಾಗುತ್ತದೆ.

ವಿಮಾನದ ಎಂಜಿನ್ನಿನೊಳಗೆ ಚಕ್ರಕ್ಕೆ ಚಕ್ರವೇ ದಳಗಳು, ಹೂವಿನ ಎಸಳಿನ ಹಾಗೆ ಒತ್ತೊತ್ತಾಗಿ. ಅಂಗೈ ಉದ್ದದ ಆ ದಳಗಳ ತುದಿ ವರ್ಷಗಟ್ಟಲೆ ಬಿಸಿಗಾಳಿಗೆ ಸಿಕ್ಕಿ ಸವೆಯುತ್ತದೆ. ಸವೆದ ತುದಿಗೆ ಕೂದಲೆಳೆಯಂಥ ತಂತಿ ಕರಗಿಸಿ ಹನಿಹನಿಯಾಗಿ ಹೊಸ ಲೋಹ ಕೂಡಿಸುವುದು ಅವಳ ಕೆಲಸ. ಬುಡದಲ್ಲಿ ಅವಳ ಮುದ್ರೆ ಬೀಳುತ್ತದೆ, ಆಮೇಲೆ ಕುಲುಮೆಗೆ ಹಾಕುತ್ತಾರೆ, ಸಾಣೆ ಹಿಡಿಯುತ್ತಾರೆ, ದಳ ಮತ್ತೆ ಆಕಾಶಕ್ಕೆ ಹೋಗುತ್ತದೆ. ಹಾಗೆ ಹೋದದ್ದು ಈಗ ಮರಳಿ ಬರುತ್ತಿತ್ತು. ಎಲ್ಲೋ ಒಂದು ಕಡೆ, ಯಾವುದೋ ಬೇರೆ ಕಾರ್ಖಾನೆಯಲ್ಲಿ ದುರಸ್ತಿಯಾದ ಒಂದು ದಳದ ತುದಿ ಹಾರಾಟದ ನಡುವೆ ಕಿತ್ತುಹೋಗಿ, ಒಂದು ಎಂಜಿನ್ ನಿಲ್ಲಿಸಿ, ಇನ್ನೊಂದರ ಮೇಲೆ ವಿಮಾನ ಇಳಿಸಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಮೂರು ತಿಂಗಳೊಳಗೆ ಎಲ್ಲ ಕಡೆಗೂ ಆದೇಶ ಬಂತು. ಫಲಕದ ಮೇಲೆ ಅಂಟಿಸಿದ ಆ ಕಾಗದವನ್ನು ಅವಳು ದಿನಾ ಬೆಳಿಗ್ಗೆ ಓದುತ್ತಿದ್ದಳು, ಬದಲಾಗಿರಬಹುದೇನೋ ಎಂಬಂತೆ. ಈ ವಿಧಾನದಲ್ಲಿ ದುರಸ್ತಿಗೊಂಡ ಎಲ್ಲ ದಳಗಳನ್ನೂ, ಅವುಗಳ ಸ್ಥಿತಿ ಏನೇ ಇರಲಿ, ತೆಗೆದು ಹೊಸದನ್ನು ಅಳವಡಿಸತಕ್ಕದ್ದು. 'ಸ್ಥಿತಿ ಏನೇ ಇರಲಿ' ಎಂಬ ಮೂರು ಪದಗಳು ಅವಳಿಗೆ ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಹಲ್ಲಿಗೆ ಸಿಗುತ್ತಿದ್ದವು. ಚೆನ್ನಾಗಿದ್ದರೂ? ಚೆನ್ನಾಗಿದ್ದರೂ. ತೆಗೆದ ದಳವನ್ನು ಯಾರೂ ಮತ್ತೆಂದೂ ಬಳಸದ ಹಾಗೆ ಬೆಸುಗೆಯ ಮೇಲೇ ಎರಡಾಗಿ ಕತ್ತರಿಸಬೇಕು. ಬೆಸುಗೆ ಎಲ್ಲಿ ಕೂತಿದೆ ಎಂಬುದು ಬೆಸೆದವರಿಗೇ ಚೆನ್ನಾಗಿ ಗೊತ್ತು. ಆದ್ದರಿಂದ ಕತ್ತರಿಸುವ ಕೆಲಸವೂ ಆಯಾ ಮುದ್ರೆಯವರದೇ. "ಹೊಲಿದವಳೇ ಕೂತು ಬಿಚ್ಚಬೇಕು ಅಂದ್ರೆ ಇದೇ ನೋಡು" ಎಂದು ಮೇಸ್ತ್ರಿ ನಗಾಡಿದ್ದ. ನಗು ಮುಗಿಯುವ ಮೊದಲೇ ಕನ್ನಡಕ ತೆಗೆದು ಒರೆಸಿಕೊಂಡಿದ್ದ.

ಇವತ್ತಿನದು ಕೊನೆಯ ತಟ್ಟೆ. ಹದಿನೇಳನೇ ಮುದ್ರೆಯ ನಲವತ್ತಮೂರು ದಳ. ಅದರಲ್ಲಿ ಐದು ಅವಳು ಮಾಡಿದ್ದಲ್ಲ.

ಕತ್ತಲ ಕೋಣೆಯಲ್ಲಿ ತಪಾಸಣೆಯವಳು ಕಾಯುತ್ತಿದ್ದಳು. ಇನ್ನೂ ಮೂವತ್ತಾಗದ ಹುಡುಗಿ. ಆ ಕೋಣೆಯ ಥಂಡಿಗೆ ಅಪ್ಪನದಿರಬೇಕು ಎನ್ನಿಸುವಷ್ಟು ದೊಗಳೆ ಸ್ವೆಟರ್ ಹಾಕಿಕೊಂಡು, ತೋಳನ್ನು ಬೆರಳ ತುದಿಯವರೆಗೂ ಎಳೆದುಕೊಂಡಿದ್ದಳು. ಸ್ಟೂಲಿನ ಮೇಲೆ ಒಂದು ದಿಂಬು ಇತ್ತು. ಮೊನ್ನೆ ಸೊಂಟ ನೋವು ಎಂದು ಅವಳು ಗೊಣಗಿದ್ದನ್ನು ಹುಡುಗಿ ನೆನಪಿಟ್ಟುಕೊಂಡಿದ್ದಳು. "ಕೂತ್ಕೊಳ್ಳಿ ಅಕ್ಕ, ಇವತ್ತಿಗೆ ಮುಗೀತು" ಎಂದು ದೀಪ ಆರಿಸಿದಳು. ದಳಗಳನ್ನು ಆಗಲೇ ಬಣ್ಣದ ದ್ರವದಲ್ಲಿ ಅದ್ದಿ ತೊಳೆದಾಗಿತ್ತು. ನೇರಳೆ ದೀಪದ ಕೆಳಗೆ ಹಿಡಿದರೆ, ಸೀಳು ಇದ್ದಲ್ಲಿ ಒಳಗೆ ಇಳಿದ ಬಣ್ಣ ಹಸಿರಾಗಿ ಹೊಳೆಯುತ್ತದೆ. ಇಲ್ಲದಿದ್ದರೆ ದಳ ಬರೀ ಕಪ್ಪು. ಒಂದು, ಎರಡು, ಐದು, ಎಂಟು. ಕಪ್ಪು, ಕಪ್ಪು. ಹನ್ನೊಂದನೆಯದರ ತುದಿಯಲ್ಲಿ ಹುಲ್ಲಿನ ಎಳೆಯಷ್ಟು ಹಸಿರು ಕಂಡಿತು. ಹುಡುಗಿ ಬರೆದುಕೊಂಡಳು. ಹದಿನೇಳಕ್ಕನಿಗೆ ಕಿವಿ ಬಿಸಿಯಾಯಿತು. ನೆರೆದ ಜನರೆದುರು ಯಾರೋ ತನ್ನ ಬಟ್ಟೆಯ ಹರಿದ ಜಾಗವನ್ನು ಬೆರಳಿಟ್ಟು ತೋರಿಸಿದ ಹಾಗೆ. ಅದು ಅವಳದೇ ಕೈ. ಅಲೆ ನೋಡಿದರೇ ಗೊತ್ತು. ಸಾಣೆ ಹಿಡಿದ ಮೇಲೆ ಬೆಸುಗೆಯ ಗುರುತೆಲ್ಲ ಅಳಿಸಿಹೋದರೂ, ದಳದ ಒಳಮೈಯಲ್ಲಿ, ಸಾಣೆ ತಾಗದ ಮೂಲೆಯಲ್ಲಿ, ಅಕ್ಕಿಕಾಳಿನ ಉದ್ದಕ್ಕೆ ಲೋಹದ ಅಲೆ ಉಳಿಯುತ್ತದೆ. ಅವಳದು ಅಗಲವಾದ, ಅವಸರದ ಅಲೆ. ಪಕ್ಕದ ಮೇಜಿನವನದು ಒತ್ತೊತ್ತು, ಮೀನಿನ ಹುರುಪೆಯ ಹಾಗೆ. ಕೊನೆಯಲ್ಲಿ ಮಾತ್ರ ಹಿಂದಕ್ಕೆ ಒಂದಿಷ್ಟು ಮಡಚಿ, ಪುಸ್ತಕದ ಹಾಳೆಯ ಮೂಲೆ ಮಡಚಿಟ್ಟಂತೆ, ಬಿಡುತ್ತಿದ್ದ. ಹದಿನೆಂಟು ವರ್ಷ ಪಕ್ಕಪಕ್ಕದ ಮೇಜು. ಮುಖವಾಡದ ಗಾಜಿನ ಹಿಂದೆ ಅವನು ಉಸಿರು ಹಿಡಿಯುವುದು, ಬಿಡುವುದು ಅವಳಿಗೆ ಕೇಳಿಸುತ್ತಿತ್ತು. ಎಷ್ಟೋ ಸಲ ಗೊತ್ತಿಲ್ಲದೆಯೇ ಇಬ್ಬರೂ ಒಟ್ಟಿಗೆ ಹಿಡಿದು ಒಟ್ಟಿಗೆ ಬಿಡುತ್ತಿದ್ದರು. ಅದಕ್ಕಿಂತ ಹತ್ತಿರ ಅವಳು ಯಾರ ಜೊತೆಗೂ ಇದ್ದದ್ದಿಲ್ಲ, ಮತ್ತು ಅದಕ್ಕಿಂತ ಹೆಚ್ಚೇನನ್ನೂ ಇಬ್ಬರೂ ಆಡಿದ್ದಿಲ್ಲ. ಆರನೇ ಮುದ್ರೆಯವನು. ಎಲ್ಲರಿಗೂ ಆರಣ್ಣ.

ಅವನ ಕೈ ನಡುಗಲು ಶುರುವಾದದ್ದನ್ನು ಮೊದಲು ಕಂಡವಳು ಅವಳೇ. ಒಂದು ದಿನ ಅವನ ತಂತಿಯ ತುದಿ ದೀಪದ ಬೆಳಕಿನಲ್ಲಿ ಎರಡಾಗಿ ಕಂಡಿತು. ತನ್ನ ಕಣ್ಣೇ ಮಂಜಾಯಿತೇನೋ ಎಂದುಕೊಂಡಿದ್ದಳು. ಆರು ತಿಂಗಳಲ್ಲಿ ವೈದ್ಯರ ಚೀಟಿ ಬಂತು, ಆರನೇ ಮುದ್ರೆಯನ್ನು ಕಿತ್ತು ಕಪಾಟಿನಲ್ಲಿಟ್ಟರು, ಅವನನ್ನು ಸಲಕರಣೆ ಕೊಡುವ ಕಿಟಕಿಗೆ ಕೂರಿಸಿದರು. ಸುತ್ತಿಗೆ ಕೇಳಿದವರಿಗೆ ಸುತ್ತಿಗೆ, ಕೈಗವಸು ಕೇಳಿದವರಿಗೆ ಕೈಗವಸು. "ಈಗ ನಾನು ಅಂಗಡಿಯವನಮ್ಮ, ಗಿರಾಕಿಗಳು ದುಡ್ಡು ಕೊಡಲ್ಲ ಅಷ್ಟೇ" ಎನ್ನುತ್ತಿದ್ದ. ಕಿಟಕಿಯ ಹಲಗೆಯ ಮೇಲೆ ಕೈಯೂರಿ, ನಡುಕವನ್ನು ಹಲಗೆಗೆ ಕೊಟ್ಟು, ಬೆಸುಗೆಯ ಕಿಡಿ ಹಾರುವ ಕಡೆಗೇ ನೋಡುತ್ತಿದ್ದ. ಆ ನೋಟಕ್ಕೆ ಬೆನ್ನು ಕೊಟ್ಟು ಕೆಲಸ ಮಾಡುವುದು ಅವಳಿಗೆ ಕಷ್ಟವಾಗುತ್ತಿತ್ತು.

ಹನ್ನೊಂದು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಪಕ್ಕದ ಮನೆಯಿಂದ ಫೋನು: ಅಮ್ಮನಿಗೆ ಮೇಲುಸಿರು ಬಂದಿದೆ, ಬೇಗ ಬಾ. ಮೇಜಿನ ಮೇಲೆ ಐದು ದಳ ಉಳಿದಿತ್ತು. ನಾಲ್ಕು ಗಂಟೆಗೆ ಕುಲುಮೆಯ ಬಾಗಿಲು ಮುಚ್ಚುತ್ತದೆ. ಐದು ಇಲ್ಲದಿದ್ದರೆ ಇಡೀ ಗುಂಪು ಹೊರಗುಳಿಯುತ್ತದೆ. ಮೇಸ್ತ್ರಿ ಎಲ್ಲೋ ಸಭೆಗೆ ಹೋಗಿದ್ದ. ಅವಳು ಕೈಗವಸು ತೆಗೆದು, ಹಾಕಿಕೊಂಡು, ಮತ್ತೆ ತೆಗೆದು ನಿಂತಿದ್ದಾಗ ಆರಣ್ಣ ಕಿಟಕಿ ಮುಚ್ಚಿ ಬಂದ. "ಕೊಡು, ನಾನು ಮುಗಿಸ್ತೀನಿ. ನೀನು ಹೊರಡು" ಎಂದ. ಅವಳು ಅವನ ಕೈ ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಕೈ ಎರಡನ್ನೂ ಹಿಂದಕ್ಕೆ ಕಟ್ಟಿಕೊಂಡು, "ಐದೇ ತಾನೇ" ಎಂದ. ಕೇಳಿದವನ ದನಿಯಲ್ಲ ಅದು, ಬೇಡಿದವನ ದನಿ. ಅವಳು ಸರಪಳಿಯನ್ನು ಕತ್ತಿನಿಂದ ತೆಗೆದು ಅವನ ಕೈಗೆ ಹಾಕಿದಳು. ಅದು ಇನ್ನೂ ಬೆಚ್ಚಗಿತ್ತು. ಅಮ್ಮನಿಗಾಗಿ ಕೊಟ್ಟೆನೋ, ಅವನಿಗಾಗಿ ಕೊಟ್ಟೆನೋ ಎಂಬುದು ಆಗಲೂ ಗೊತ್ತಾಗಲಿಲ್ಲ, ಆಮೇಲೂ ಗೊತ್ತಾಗಲಿಲ್ಲ. ಮನೆ ಮುಟ್ಟಿದಾಗ ಅಮ್ಮನಿಗೆ ಎಚ್ಚರವಿತ್ತು. "ಕೆಲಸ ಮುಗಿಸಿ ಬಂದ್ಯಾ?" ಎಂದಳು. "ಹೂಂ ಅಮ್ಮ, ಮುಗೀತು" ಎಂದಳು ಇವಳು. ಅಮ್ಮ ಅವಳ ಬೆರಳನ್ನು ಹಿಡಿದು, ತುದಿಯನ್ನು ಹೆಬ್ಬೆಟ್ಟಿನಿಂದ ಸವರಿ, ಬೆಳಕಿಗೆ ಹಿಡಿಯುವಷ್ಟು ಶಕ್ತಿಯಿಲ್ಲದೆ ಹಾಗೇ ಬಿಟ್ಟಳು. ಅಮ್ಮನ ಜೊತೆ ಆಡಿದ ಕೊನೆಯ ಮಾತು ಆ ಸುಳ್ಳು.

ಹತ್ತು ದಿನ ಬಿಟ್ಟು ಕೆಲಸಕ್ಕೆ ಹೋದಾಗ ಮುದ್ರೆ ಒಂದು ಕಾಗದದ ಪೊಟ್ಟಣದಲ್ಲಿ ಅವಳ ಕಪಾಟಿನೊಳಗಿತ್ತು. ಒಂದಕ್ಷರವೂ ಬರೆದಿರಲಿಲ್ಲ. ಅವತ್ತಿನಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೆಟ್ಟಗೆ ನೋಡಲಿಲ್ಲ. ಧನ್ಯವಾದ ಹೇಳಿದರೆ ತಪ್ಪನ್ನು ಒಪ್ಪಿಕೊಂಡ ಹಾಗೆ. ಹೇಳದಿದ್ದರೆ ಅವನನ್ನು ಬಳಸಿ ಬಿಸಾಡಿದ ಹಾಗೆ. ಹೀಗೇ ಮೂರು ವರ್ಷ ಕಳೆದು ಅವನ ಬೀಳ್ಕೊಡುಗೆಯ ದಿನ ಬಂತು. ಎಲ್ಲರೆದುರು ಅವನ ಕೈಯಿಂದ ಚಹಾದ ಕಪ್ಪು ಜಾರಿ ಹೊಸ ಅಂಗಿಯ ಮೇಲೆಲ್ಲ ಚೆಲ್ಲಿತು. "ಆರಣ್ಣನಿಗೆ ಹೋಗೋದಕ್ಕೆ ಮನಸ್ಸಿಲ್ಲ, ಚಹಾನೇ ಅಂಟಿಕೊಂಡಿದೆ" ಎಂದು ಯಾರೋ ಅಂದರು. ಸಭೆ ನಕ್ಕಿತು, ಅವನೂ ನಕ್ಕ. ನಗುತ್ತಲೇ ಅವನ ಕಣ್ಣು ಅವಳನ್ನು ಹುಡುಕಿತು. ಅವಳ ಕೈಯಲ್ಲೇ ಕರವಸ್ತ್ರವಿತ್ತು. ಅವಳು ಗೋಡೆಯ ಗಡಿಯಾರದತ್ತ ತಿರುಗಿಕೊಂಡಳು. ಆಮೇಲೆ ಮೂರು ಸಲ ಅವನ ಮನೆಯ ಬೀದಿಗೆ ಹೋಗಿದ್ದಾಳೆ. ಸೈಕಲ್ ಅಂಗಡಿಯ ಮೇಲಿನ ಕೋಣೆ; ಕೆಳಗೆ ಮೆಟ್ಟಿಲು ಕಾಣುತ್ತದೆ. ಮೂರು ಸಲವೂ ಸೈಕಲ್ಲಿಗೆ ಗಾಳಿ ತುಂಬುವುದನ್ನು ನೋಡಿ ಮರಳಿದ್ದಾಳೆ.

"ಅಕ್ಕಾ, ಇದು ಯಾರೋ ಬೇರೆಯವರ ಕೈ ಇದ್ದ ಹಾಗಿದೆಯಲ್ಲ" ಎಂದಳು ಕತ್ತಲಲ್ಲಿ ಹುಡುಗಿ. ಮೂವತ್ತೊಂಬತ್ತನೆಯ ದಳ. ಕಪ್ಪಗಿತ್ತು. ನಲವತ್ತು, ಕಪ್ಪು. ನಲವತ್ತೊಂದನ್ನು ಅವಳೇ ಈಸಿಕೊಂಡು ಭೂತಗನ್ನಡಿಯ ಕೆಳಗೆ ಹಿಡಿದಳು. ಒತ್ತೊತ್ತು ಅಲೆ, ನಡುವೆ ಒಂದು ಕಡೆ ಎರಡು ಅಲೆ ಒಂದರ ಮೇಲೊಂದು ಕೂತು, ಕೈ ನಿಂತು, ಮತ್ತೆ ಹೊರಟಿತ್ತು. ಅದೇ ಜಾಗ ನೇರಳೆ ದೀಪದ ಕೆಳಗೆ ಬಂತು. ಕಪ್ಪು. ಎಲ್ಲೂ ಹಸಿರಿರಲಿಲ್ಲ. ಉಳಿದೆರಡೂ ಕಪ್ಪು. ಹನ್ನೊಂದು ವರ್ಷದಿಂದ ಆಕಾಶದಲ್ಲಿ ವಿಮಾನದ ಸದ್ದಾದಾಗಲೆಲ್ಲ ಅವಳು ಬಟ್ಟೆ ಹರವುತ್ತಿದ್ದರೂ, ರಸ್ತೆ ದಾಟುತ್ತಿದ್ದರೂ ನಿಂತು, ಸದ್ದು ಸರಿಯಾಗಿ ಮುಗಿಯುವವರೆಗೂ ತಲೆಯೆತ್ತಿ ಕಾದಿದ್ದಳು. ಹೆದರಿ ಕಾಯಬೇಕಾದದ್ದು ಆ ಐದಕ್ಕಲ್ಲ, ತನ್ನವಕ್ಕೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನಲವತ್ತಮೂರರಲ್ಲಿ ಮೂರು ಸೀಳಿದ್ದವು. ಮೂರೂ ಅವಳವೇ.

ಹುಡುಗಿ ದೀಪ ಹಾಕಿ ಕಾಗದ ಮುಂದಿಟ್ಟಳು. ಈ ಮುದ್ರೆಯ ಎಲ್ಲ ದಳಗಳನ್ನು ನಾನೇ ಬೆಸೆದಿರುತ್ತೇನೆ. ಕೆಳಗೆ ಸಹಿ. "ಇದು ಯಾಕೆ ಬೇಕು?" ಎಂದು ಹದಿನೇಳಕ್ಕ ಕೇಳಿದಳು, ಗೊತ್ತಿದ್ದೂ. "ಸೀಳೋದು ಕೈಯಿಂದಲೋ ವಿಧಾನದಿಂದಲೋ ಅಂತ ನೋಡ್ತಾರೆ ಅಕ್ಕ. ಯಾರ ಕೈದು ಎಷ್ಟು ಸೀಳಿದೆ ಅಂತ ಪಟ್ಟಿ ಮಾಡ್ತಾರೆ. ಅದರ ಮೇಲೆ ಮುಂದಿನ ವಿಧಾನ ನಿಂತಿರೋದು." ಅವಳು ಪೆನ್ನು ಹಿಡಿದಳು. ಇನ್ನೆರಡು ವರ್ಷ. ಪೆನ್ನು ಕೆಳಗಿಟ್ಟಳು. "ಐದು ನನ್ನವಲ್ಲ" ಎಂದಳು. ಯಾರದು, ಯಾವತ್ತು, ಹೇಗೆ ಎಂದು ಎಲ್ಲ ಹೇಳಿದಳು. ಕೈ ನಡುಗುತ್ತಿತ್ತು ಎಂಬುದನ್ನೂ ಹೇಳಿದಳು. ಅದು ಬಿಟ್ಟರೆ ಮಿಕ್ಕದ್ದು ಹೇಳಿದಂತಾಗುತ್ತಿರಲಿಲ್ಲ. ಹುಡುಗಿ ತೋಳಿನೊಳಗೆ ಬೆರಳನ್ನು ಇನ್ನೂ ಒಳಕ್ಕೆಳೆದುಕೊಂಡಳು. "ಇದನ್ನ ಬರೀಲೇಬೇಕಾ ಅಕ್ಕ? ಹೇಗೂ ಎಲ್ಲಾನೂ ಕತ್ತರಿಸೋದೇ." "ಬರಿ" ಎಂದಳು. "ನಡುಗೋ ಕೈದು ಸೀಳಿಲ್ಲ, ನೆಟ್ಟಗಿರೋ ಕೈದು ಸೀಳಿದೆ. ಅದೂ ಅವರಿಗೆ ಗೊತ್ತಾಗಲಿ."

ಮೇಸ್ತ್ರಿ ಬಂದವನು ಕಾಗದ ಓದಿ ಸ್ಟೂಲಿನ ಮೇಲೆ, ದಿಂಬಿನ ಮೇಲೆಯೇ ಕೂತುಬಿಟ್ಟ. "ಅಲ್ವೇ ತಾಯಿ, ಹನ್ನೊಂದು ವರ್ಷ ಬಾಯಲ್ಲಿ ಇಟ್ಕೊಂಡಿದ್ದವಳಿಗೆ ಇನ್ನೆರಡು ವರ್ಷ ಇಟ್ಕೊಳ್ಳೋಕಾಗ್ಲಿಲ್ವಾ? ನನ್ನ ತಲೆ ಮೇಲೆ ಯಾಕೆ ಉಗುಳಿದೆ?" ಎಂದ. ಬೈಗುಳ ಅಲ್ಲಿಗೇ ಸೋತಿತು. "ಆರಣ್ಣನ ಮನೆಗೆ ನಾಳೆ ತನಿಖೆಯವರು ಹೋಗ್ತಾರೆ. ಕೈ ಚಾಚು ಅಂತಾರೆ. ನೀನು ಮೊದಲು ಹೋಗಿ ಹೇಳಿರು." ಮುದ್ರೆಗಾಗಿ ಕೈ ಮುಂದೆ ಮಾಡಿದ. ಅವಳು ಸರಪಳಿ ತೆಗೆಯಹೋದರೆ ಕೊಂಡಿ ಬಿಡಲಿಲ್ಲ. ಹುಡುಗಿ ಹಿಂದೆ ಬಂದು, ಕೂದಲು ಸಿಕ್ಕದ ಹಾಗೆ ನಿಧಾನವಾಗಿ ಬಿಡಿಸಿಕೊಟ್ಟಳು. "ಕತ್ತರಿಸೋದು ಮುಗಿಸಿಕೊಡಲಾ?" ಎಂದು ಇವಳು ಕೇಳಿದಾಗ ಮೇಸ್ತ್ರಿ ಗೋಡೆ ನೋಡುತ್ತಾ, "ಇನ್ಯಾರು ಕತ್ತರಿಸ್ತಾರೆ" ಎಂದು ಹೊರಟುಹೋದ.

ಕತ್ತರಿಸುವ ಯಂತ್ರದ ಕೋಣೆ ಕಿರಿದು, ಒಂದೇ ಕಿಟಕಿ. ಮೂವತ್ತೆಂಟು ದಳ ಕತ್ತರಿಸಿದಳು. ಕಲ್ಲಿನ ಚಕ್ರ ತಾಗುತ್ತಲೂ ಕಿಡಿ ಹಾರಿ ಸುಟ್ಟ ವಾಸನೆ ಬರುತ್ತಿತ್ತು, ಆದರೆ ಅದು ನವಸಾಗರದ್ದಲ್ಲ. ತುಂಡುಗಳನ್ನು ಎಣಿಸಲು ಪಕ್ಕದಲ್ಲಿ ನಿಂತಿದ್ದ ಹುಡುಗಿ ಕೊನೆಯ ಐದು ಉಳಿದಾಗ ಗಡಿಯಾರ ನೋಡಿ, "ನಾನು ಸ್ವಲ್ಪ ನೀರು ಕುಡಿದು ಬರ್ತೀನಿ ಅಕ್ಕ" ಎಂದಳು. ಹಾಗೆ ಬಿಟ್ಟು ಹೋಗುವಂತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಬಾಗಿಲು ಮುಚ್ಚಿಕೊಂಡಿತು. ಅವಳು ನಲವತ್ತೊಂದನೆಯದನ್ನು ಎತ್ತಿ, ಕೈ ನಿಂತು ಹೊರಟ ಆ ಜಾಗವನ್ನು ಬೆರಳ ತುದಿಯಿಂದ ಸವರಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ತೊಡೆಗೆ ತಾಗಿ ಅದು ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಮೈಯಷ್ಟೇ ಬೆಚ್ಚಗಾಯಿತು. ತಲೆದಿಂಬಿನ ಕೆಳಗೆ ಇಟ್ಟುಕೊಳ್ಳಬಹುದು. ಅವನಿಗೇ ಕೊಡಬಹುದು, ನೋಡು ಎಂದು. ತಾನು ಸತ್ತ ಮೇಲೆ? ಯಾರೋ ಮನೆ ಖಾಲಿ ಮಾಡುತ್ತಾರೆ, ಯಾರೋ ಗುಜರಿಗೆ ಹಾಕುತ್ತಾರೆ, ಗುಜರಿಯಿಂದ ಯಾರೋ ಎತ್ತಿ ತೊಳೆದು ಮಾರುತ್ತಾರೆ. ಮುದ್ರೆ ನೋಡಿದ ಇನ್ಯಾರೋ ನಂಬುತ್ತಾರೆ. ಆ ಮುದ್ರೆಯನ್ನು ನಂಬಿ ಎಷ್ಟು ಜನ ಆಕಾಶದಲ್ಲಿ ಕಣ್ಣು ಮುಚ್ಚಿ ನಿದ್ದೆ ಮಾಡಿದ್ದರೋ. ಅವಳು ಅದನ್ನು ಜೇಬಿನಿಂದ ತೆಗೆದು ಚಕ್ರದ ಕೆಳಗಿಟ್ಟಳು. ಎರಡು ಅಲೆ ಕೂಡಿಕೊಂಡಿದ್ದ ಕಡೆಯೇ ಕತ್ತರಿಸಿದಳು, ಆಮೇಲೆ ಉಳಿದ ನಾಲ್ಕನ್ನೂ. ಹುಡುಗಿ ಬಂದು ಎಣಿಸಿದಾಗ ಎಂಬತ್ತಾರು ತುಂಡು ಸರಿಯಾಗಿತ್ತು. ಹುಡುಗಿ ಅವಳ ಏಪ್ರನ್ನಿನ ಜೇಬಿನ ಕಡೆ ನೋಡಲೇ ಇಲ್ಲ. ನೋಡದಿರಲು ಅವಳು ಪಟ್ಟ ಕಷ್ಟ ಮಾತ್ರ ಕಾಣುತ್ತಿತ್ತು.

ಬಸ್ಸಿನಲ್ಲಿ ಕೂತ ಮೇಲೆ, ಮಧ್ಯಾಹ್ನ ತೆರೆಯದೆ ಬಿಟ್ಟ ಊಟದ ಡಬ್ಬಿ ಕಪಾಟಿನಲ್ಲೇ ಉಳಿಯಿತೆಂದು ನೆನಪಾಯಿತು. ಕತ್ತಿನಲ್ಲಿ ಸರಪಳಿ ಇದ್ದ ಜಾಗಕ್ಕೆ ಗಾಳಿ ತಾಗುತ್ತಿತ್ತು. ಸೈಕಲ್ ಅಂಗಡಿಯವನು ಈ ಸಲವೂ ಗಾಳಿ ತುಂಬುತ್ತಿದ್ದ. ಅವಳು ನಿಲ್ಲದೆ ಮೆಟ್ಟಿಲು ಹತ್ತಿದಳು.

ಆರಣ್ಣ ಬಾಗಿಲು ತೆರೆದದ್ದು ಮೊಣಕೈಯಿಂದ. ಕೈಗಳು ಬೆನ್ನ ಹಿಂದಿದ್ದವು. ತೆಳ್ಳಗಾಗಿದ್ದ, ಕೂದಲು ಪೂರ್ತಿ ಬೆಳ್ಳಗೆ, ಆದರೆ ಹುಬ್ಬು ಇನ್ನೂ ಕಪ್ಪು. "ಓ, ಹದಿನೇಳು" ಎಂದ, ನಿನ್ನೆ ಸಂಜೆ ಬೇರೆಯಾದವರ ಹಾಗೆ.

"ಇನ್ನು ಹದಿನೇಳಲ್ಲ" ಎಂದಳು.

ಅವನು ಅವಳ ಕತ್ತು ನೋಡಿದ. ಪಕ್ಕಕ್ಕೆ ಸರಿದ. ಒಂದು ಮಂಚ, ಒಂದು ಕುರ್ಚಿ, ಕಿಟಕಿಯ ಬಳಿ ಒಲೆ. ಲೋಟಗಳೆಲ್ಲ ಎರಡು ಹಿಡಿಯವು. "ಪೇಪರಲ್ಲಿ ಓದಿದೆ. ಆವತ್ತಿಂದ ಕಾಯ್ತಾ ಇದ್ದೆ, ನೀನು ಮೊದಲು ಬರ್ತೀಯೋ ಅವರು ಬರ್ತಾರೋ ಅಂತ" ಎಂದು ಮಂಚದ ಮೇಲೆ ಕೂತು ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡ. "ಕೆಟ್ಟಿದ್ವಾ?"

"ಅವರು ನಾಳೆ ಬರ್ತಾರೆ. ನಾನೇ ಹೇಳಿದೆ." ಕುರ್ಚಿಯ ಅಂಚಿನಲ್ಲಿ ಕೂತಳು. "ಐದೂ ಚೆನ್ನಾಗಿದ್ವು."

ಅವನು ನಕ್ಕ. "ನಿನ್ನ ಜಾಗದಲ್ಲಿ ನಾನಿದ್ರೂ ಹೀಗೇ ಹೇಳ್ತಿದ್ದೆ."

"ಸಮಾಧಾನಕ್ಕೆ ಹೇಳ್ತಿಲ್ಲ."

"ಮತ್ತೆ ಒಂದನ್ನಾದ್ರೂ ತರಬಾರದಿತ್ತಾ?" ಎಂದವನು ತಾನೇ ತಲೆಯಾಡಿಸಿದ. "ಇಲ್ಲ, ತರೋ ಹಾಗಿಲ್ಲ. ಕತ್ತರಿಸಿದ್ಯಾ?"

"ಎಲ್ಲಾನೂ."

"ಸರಿ ಮಾಡಿದೆ." ಮೇಲೆ ದೂರದಲ್ಲಿ ಒಂದು ವಿಮಾನ ಹೋಯಿತು. ಇಬ್ಬರೂ ಮಾತು ನಿಲ್ಲಿಸಿದರು. ಸದ್ದು ಮುಗಿಯುವವರೆಗೂ ಅವನ ಗಲ್ಲ ಮೇಲಕ್ಕೆದ್ದೇ ಇತ್ತು, ಅವಳ ಗಲ್ಲವೂ. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಆಮೇಲೆ ಅವನು ನೆಲ ನೋಡುತ್ತಾ, "ನೀನು ಒಳ್ಳೆಯವಳು. ಬಂದು ಹೇಳಿದೆಯಲ್ಲ, ಸಾಕು" ಎಂದ. ಅವನು ನಂಬಿರಲಿಲ್ಲ. ಮೂರು ಸಲ ಮೆಟ್ಟಿಲ ಬುಡದಿಂದ ಮರಳಿದವಳು, ಈಗ ನಿಜವನ್ನೇ ತಂದಿದ್ದರೂ ಅದು ಅವನಿಗೆ ಬರೀ ಮರುಕದ ಹಾಗೆ ಕಂಡಿತ್ತು. ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ.

"ಮೂರನೇದರಲ್ಲಿ ಕೈ ನಿಂತಿತ್ತು" ಎಂದಳು.

ಅವನು ತಲೆಯೆತ್ತಿದ.

"ಅರ್ಧ ದಾಟಿದ ಮೇಲೆ. ಎರಡು ಅಲೆ ಒಂದರ ಮೇಲೊಂದು ಕೂತಿತ್ತು. ಆಮೇಲೆ ಮತ್ತೆ ಹೊರಟಿದೀಯ. ಕೊನೆಗೆ ಯಾವಾಗಿನ ಹಾಗೆ ಹಿಂದಕ್ಕೆ ಮಡಚಿದೀಯ."

ತೊಡೆಯ ಕೆಳಗಿಂದ ಅವನ ಕೈಗಳು ತಾವಾಗಿ ಹೊರಬಂದವು. ಮಡಿಲಲ್ಲಿ ಗೂಡು ಬಿಟ್ಟ ಹಕ್ಕಿಮರಿಗಳ ಹಾಗೆ ನಡುಗುತ್ತಿದ್ದವು. "ಆಗ ಎಡಗೈಯಿಂದ ಬಲಗೈ ಹಿಡ್ಕೊಂಡೆ. ಹತ್ತರವರೆಗೂ ಎಣಿಸಿದೆ. ಇವಳ ಅಮ್ಮ ಅಲ್ಲಿ ಒದ್ದಾಡ್ತಿದಾರೆ, ನೀನು ಇಲ್ಲಿ ಒದ್ದಾಡಬೇಡ ಅಂತ ಬೈದೆ ಕೈಗೆ" ಎಂದ. "ಅಲ್ಲೂ ಸೀಳಿರಲಿಲ್ವಾ?"

"ಅಲ್ಲೂ ಇರಲಿಲ್ಲ. ಸೀಳಿದ್ದು ನನ್ನವು. ಮೂರು."

"ನಿನ್ನವಾ!" ಎಂದು ಹುಬ್ಬು ಹಾರಿಸಿದವನು ತಕ್ಷಣ ದನಿ ಇಳಿಸಿದ. "ನಿನ್ನ ಕೈ ಅಲ್ಲ ಬಿಡು ಅದು. ಆ ವಿಧಾನಾನೇ ಸರಿಯಿಲ್ಲ. ಪೇಪರಲ್ಲೇ ಬಂದಿತ್ತಲ್ಲ."

ಆಗ ಅವಳಿಗೆ ಅಳು ಬಂತು. ಅವಳು ಮುಖ ಒರೆಸಿಕೊಳ್ಳುವವರೆಗೂ ಅವನು ಕಿಟಕಿಯ ಕಡೆ ನೋಡುತ್ತಾ ಕೂತ. "ಅಮ್ಮ ಮಾತಾಡಿದ್ರಾ ಆವತ್ತು?" ಎಂದು ಕೇಳಿದ. "ಕೆಲಸ ಮುಗಿಸಿ ಬಂದ್ಯಾ ಅಂದ್ಲು. ಮುಗೀತು ಅಂದೆ." ಅವನು ತಲೆದೂಗಿದ. "ಎಷ್ಟು ಗಂಟೆಗೆ?" "ನಾಲ್ಕಕ್ಕೆ ಐದು ನಿಮಿಷ ಇತ್ತು." ಅವನು ಲೆಕ್ಕ ಹಾಕುವವನ ಹಾಗೆ ಕಣ್ಣು ಕಿರಿದು ಮಾಡಿ, "ಹಾಗಾದ್ರೆ ಸುಳ್ಳಲ್ಲ. ಅಷ್ಟೊತ್ತಿಗೆ ಮುಗಿಸಿದ್ದೆ" ಎಂದ.

ಕೆಳಗೆ ಸೈಕಲ್ಲಿನ ಗಂಟೆ ಎರಡು ಸಲ ಟ್ರಿಣ್ ಎಂದಿತು. ಅವನು ಅವಳ ಚೀಲದ ಕಡೆ ನೋಡಿ, ಡಬ್ಬಿಯಿಲ್ಲದ್ದನ್ನು ಗಮನಿಸಿ, ಎದ್ದು ಒಲೆಯ ಕಡೆ ಹೋದ. ಪಾತ್ರೆಯ ಮುಚ್ಚಳ ತೆಗೆಯುವಾಗ ಅದು ಅಂಚಿಗೆ ಬಡಿದು ಗಲಗಲ ಎಂದಿತು. ಸೌಟು ತಟ್ಟೆಗೆ ತಾಗಿ ತಾಗಿ ಅನ್ನ ಬಿತ್ತು, ಅದರ ಮೇಲೆ ಬಿಸಿ ಸಾರು ಬಿತ್ತು. ಅವಳ ಕಾಲು ಏಳಲು ಹೊರಟಿತು, ಕೈ ಚಾಚಲು ಹೊರಟಿತು. ಎರಡನ್ನೂ ಹಿಡಿದು ಕೂತಳು. ಗೋಡೆಯಲ್ಲಿ ಗಡಿಯಾರವಿತ್ತು, ಕಿಟಕಿಯಲ್ಲಿ ಆಕಾಶವಿತ್ತು. ಅವಳು ತಟ್ಟೆಯನ್ನೇ ನೋಡಿದಳು. ಎರಡೂ ಕೈಯಲ್ಲಿ ಹಿಡಿದು ಅವನು ಒಲೆಯಿಂದ ಹೊರಟ. ಒಂದು ಹೆಜ್ಜೆ, ಇನ್ನೊಂದು. ನಡುವೆ ಒಂದು ಕಡೆ ನಿಂತ. ಸಾರು ಅಂಚಿನವರೆಗೂ ಬಂದು, ಹೆಬ್ಬೆಟ್ಟನ್ನು ತೋಯಿಸಿ, ಹಿಂದಕ್ಕೆ ಹೋಯಿತು. ಅವನು ತುಟಿಯಲ್ಲೇ ಏನೋ ಎಣಿಸುತ್ತಿದ್ದ. ಮತ್ತೆ ಹೊರಟ. ಕೋಣೆ ದಾಟಿ, ಮಂಚ ದಾಟಿ, ಅವಳ ಮುಂದೆ ಬಂದು ನಿಂತು, ತಟ್ಟೆಯನ್ನು ಅವಳ ಕೈಗೆ ಕೊಟ್ಟ.